ಹವಾಮಾನ ವರದಿಯ ಅರ್ಧ ಮಾತು

ನಾನು ಚಿಕ್ಕವನಿದ್ದಾಗ ನಮ್ಮೂರಿಗೆಲ್ಲ ಇದ್ದದ್ದು ಒಂದೇ ರೇಡಿಯೋ. ಅದು ಪಂಚಾಯ್ತಿ ಮನೆಯ ಗೂಡಿನಲ್ಲಿ ಕುಳಿತಿರುತ್ತಿತ್ತು. ಸಂಜೆ ಅದರ ಮುಂದೆ ಹೋಗಿ ನಿಂತು, ಹವಾಮಾನ ವರದಿ ಕೇಳಿಕೊಂಡು ಬಂದು ಅಪ್ಪನಿಗೆ ಒಪ್ಪಿಸುವುದು ನನ್ನ ಕೆಲಸ. ಐದನೆಯ ಇಯತ್ತೆ ಓದುತ್ತಿದ್ದೆ. ಊರಿನ ಮಳೆ ಬಿಸಿಲೆಲ್ಲ ನನ್ನ ಬಾಯಿಂದಲೇ ಬರುತ್ತದೆ ಎನ್ನುವಷ್ಟು ಜಂಬ ನನಗಿತ್ತು.

ನಮ್ಮೂರು ಬ್ಯಾಡಗಿ ತಾಲ್ಲೂಕಿನದು. ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಹೋದರೆ ಮಲೆನಾಡಿನ ಸೆರಗು. ಪೂರ್ವಕ್ಕೆ ರಾಣೆಬೆನ್ನೂರು ದಾಟಿದರೆ ಚಿಗರೆಗಳು ಓಡಾಡುವ ಒಣ ಬಯಲು. ನಾವು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ರೇಡಿಯೋದವರು ಮಾತ್ರ ಸಾಮಾನ್ಯವಾಗಿ ಕರಾವಳಿ, ಮಲೆನಾಡು, ಒಳನಾಡು ಎಂದು ಮೂರೇ ಪಾಲು ಮಾಡಿ ಹೇಳಿ ಮುಗಿಸುತ್ತಿದ್ದರು. ಸಾಲಿಯ ನಕಾಶೆಯಲ್ಲಿ ಮಲೆನಾಡು ಹಸಿರು, ನಮ್ಮ ಕಡೆ ಹಳದಿ. ಹಾಗಾಗಿ ನಾವು ಒಳನಾಡಿನವರೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಮನೆ, ದನ, ಒಲೆ ಎಲ್ಲ ಅಕ್ಕನ ಪಾಲಿಗೆ ಬಂದಿದ್ದವು. ಅಕ್ಕನನ್ನು ನಾಲ್ಕನೆಯ ಇಯತ್ತೆಗೇ ಸಾಲಿ ಬಿಡಿಸಿದ್ದರು. ಅವ್ವನಿಂದ ಅವಳಿಗೆ ಬಂದ ಆಸ್ತಿ ಎಂದರೆ ಬೀಜದ ಕಾಯಿ ಆರಿಸುವ ಕೈ. ಮೆಣಸಿನಕಾಯಿ ಬಿಡಿಸುವಾಗ ಒಳ್ಳೆಯ ಗಿಡದ, ಚೆನ್ನಾಗಿ ಸುಕ್ಕು ಬಿದ್ದ, ಕಡುಗೆಂಪು ಕಾಯಿಗಳನ್ನಷ್ಟೇ ಆಯ್ದು ಬೇರೆ ಇಡುತ್ತಿದ್ದಳು. ಮುಂದಿನ ವರ್ಷದ ಬಿತ್ತನೆಗೆ ಅವೇ ಬೀಜ. ಅದು ಅವ್ವ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ತಳಿಯಂತೆ. ಆ ವರ್ಷ ಹಳೆಯ ಬೀಜವೆಲ್ಲ ಬಿತ್ತಿ ಮುಗಿದಿತ್ತು. ಆ ತಳಿಯಲ್ಲಿ ಉಳಿದದ್ದೆಂದರೆ ಹೊಸ ಬೆಳೆಯಿಂದ ಅಕ್ಕ ಆರಿಸಿದ ಕಾಯಿಯಷ್ಟೇ; ಹೊಲದ ಕಣದ ತುಂಬ ಹರವಿದ್ದ ಮಿಕ್ಕ ಕಾಯಿಯ ಪಕ್ಕ, ಮೂಲೆಯಲ್ಲಿ ಅವಳು ಹಾಸಿದ ಒಂದು ಗೋಣಿತಟ್ಟಿನ ಮೇಲೆ ಅದು ಒಣಗುತ್ತಿತ್ತು.

ಸಂಕ್ರಾಂತಿ ಮುಗಿದು ಕೆಲವು ದಿನಗಳಾಗಿದ್ದವು. ಶನಿವಾರ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ಗುಡಿಯ ಮುಂದೆ ಸಿಗುವ ಬೆಂಡು ಬತ್ತಾಸಿನ ರುಚಿ ಹಿಂದಿನ ದಿನವೇ ನನ್ನ ನಾಲಿಗೆಯ ಮೇಲಿತ್ತು. ಶುಕ್ರವಾರ ಸಂಜೆ ರೇಡಿಯೋ ಕೇಳಿದೆ. ಕರಾವಳಿಯಲ್ಲಿ ಅಲ್ಲಲ್ಲಿ ಮಳೆ, ಮಲೆನಾಡು ಮತ್ತು ಅದಕ್ಕೆ ಹೊಂದಿಕೊಂಡ ಒಳನಾಡಿನ ಕೆಲವೆಡೆ ಗುಡುಗು ಸಹಿತ ಮಳೆ, ಉಳಿದ ಒಳನಾಡಿನಲ್ಲಿ ಒಣ ಹವೆ ಎಂದರು. ‘ಹೊಂದಿಕೊಂಡ’ ಎಂಬ ಮಾತು ಕಿವಿಗೆ ಬಿತ್ತು; ಮಲೆನಾಡಿನ ಸೆರಗಿಗೆ ಹೊಂದಿಕೊಂಡವರು ನಾವೇ. ನಾನು ಅದನ್ನು ನುಂಗಿಕೊಂಡೆ. ಹೇಳಿದರೆ ಕಾಯಿಯನ್ನೆಲ್ಲ ರಾಶಿ ಮಾಡಿ ಮುಚ್ಚಬೇಕು, ಅಷ್ಟರಲ್ಲಿ ಅರ್ಧ ದಿನ ಹೋಗುತ್ತದೆ, ಗುಡಿ ತಪ್ಪುತ್ತದೆ.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಮೂವರೂ ಕಣಕ್ಕೆ ಹೋದೆವು. ಬಿಸಿಲು ಚೆನ್ನಾಗಿಯೇ ಇತ್ತು, ಖಾರದ ಘಾಟು ಮೂಗಿಗೆ ಹೊಡೆಯುತ್ತಿತ್ತು. ಅಕ್ಕ ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಣಗಿದ ಕಾಯಿಯೊಳಗೆ ಬೀಜ ಗಲಗಲ ಎನ್ನುತ್ತದೆ. ಗಾಳಿಯಲ್ಲಿ ತೇವ ಸೇರಿದರೆ ಕಾಯಿ ಮೆತ್ತಗಾಗಿ ಬೀಜ ಸುಮ್ಮನಾಗುತ್ತದೆ. ಅವ್ವ ಅವಳಿಗೆ ಕಲಿಸಿದ್ದ ಹವಾಮಾನ ವರದಿ ಅದು.

“ಅಪ್ಪಾ, ನಿನ್ನೆ ಸಪ್ಪಳಾ ಮಾಡತಿದ್ದು, ಇವತ್ತ ಮಾಡವಲ್ಲವು. ಹವಾ ಹಸಿ ಐತಿ. ರಾಶಿ ಮಾಡಿ ಮುಚ್ಚಿ ಹೋಗೂಣು,” ಎಂದಳು.

ಅಪ್ಪ ನನ್ನ ಕಡೆ ತಿರುಗಿದರು. “ರೇಡಿಯೋದಾಗ ಏನ್ ಹೇಳ್ಯಾರೋ?”

“ಒಣ ಹವಾ ಅಂತ ಅಪ್ಪಾ. ನಾವು ಒಳನಾಡಿನಾಗ ಬರ್ತೀವಿ.”

“ಎಲ್ಲಾ ಕೇಳಿದ್ಯಿಲ್ಲೋ?” ಎಂದು ಅಕ್ಕ ಕೇಳಿದಳು. ನಾನು ಅವಳ ಮುಖ ನೋಡದೆ “ಹೂಂ” ಎಂದೆ.

“ಸಾಲಿ ಕಲಿಯೋ ಹುಡುಗ ಹೇಳಾಕತ್ತಾನ, ನಡುವ ನಿಂದೇನವಾ? ನಡೀರಿ ಲಗೂನ,” ಎಂದರು ಅಪ್ಪ. ಅಕ್ಕ ಆ ಕಾಯಿಯನ್ನು ಮತ್ತೆ ತಟ್ಟಿನ ಮೇಲಿಟ್ಟಳು.

ಬೆಂಡು ಬತ್ತಾಸು ತಿಂದೆ. ಹಣೆಗೆ ಕುಂಕುಮ ಹಚ್ಚಿಸಿಕೊಂಡೆ. ಮಧ್ಯಾಹ್ನ ತಿರುಗಿ ಬರುವಾಗ ಹಾನಗಲ್ಲಿನ ದಿಕ್ಕಿನಿಂದ ಮೋಡ ಎದ್ದಿತು. ಅಕ್ಕ ಎತ್ತಿನ ಚಕ್ಕಡಿಯಿಂದ ಧುಮುಕಿ ಓಡಿದಳು. ನಾವು ತಲುಪುವ ಹೊತ್ತಿಗೆ ಮಳೆ ಹೊಡೆದು ಹೋಗಿತ್ತು. ಕಣದಿಂದ ಕೆಂಪು ನೀರು ಹರಿದು ಬದುವಿನ ಕಡೆ ಹೋಗುತ್ತಿತ್ತು. ಅಕ್ಕ ಕೆಸರಿನಲ್ಲಿ ಮೊಣಕಾಲೂರಿ, ತನ್ನ ಬೀಜದ ಕಾಯಿ ಯಾವುವು, ಮಿಕ್ಕವು ಯಾವುವು ಎಂದು ಹುಡುಕುತ್ತಿದ್ದಳು. ಎಲ್ಲ ಕಲಸಿಹೋಗಿದ್ದವು.

ಸಿಕ್ಕಷ್ಟನ್ನು ತಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದಳು. ಕಾಯಿ ಬಿಳಿಚಿಕೊಂಡವು, ಬೀಜಕ್ಕೆ ಬೂಸ್ಟು ಹಿಡಿಯಿತು. ಮುಂಗಾರಿಗೆ ಸಸಿಮಡಿಯಲ್ಲಿ ಬಿತ್ತಿ ದಿನಾ ನೀರು ಚಿಮುಕಿಸಿದಳು. ಒಂದೂ ಏಳಲಿಲ್ಲ. ಒಂದು ಬೆಳಿಗ್ಗೆ ಆ ಬೋಳು ಮಡಿಯ ಮುಂದೆ ಕುಳಿತು, “ಅವ್ವ ಈಗ ಖರೇ ಹೋದ್ಲು ನೋಡು,” ಎಂದಳು. ಅಪ್ಪ ಬೇರೆಯವರಿಂದ ಬೀಜ ತಂದರು. ಕಾಯಿ ಕೆಂಪಗೇ ಬಂತು. ಸಾರು ಕುದಿಯುವಾಗ ಮನೆಯಲ್ಲಿ ಆ ಹಳೆಯ ವಾಸನೆ ಮಾತ್ರ ಬರಲಿಲ್ಲ.

“ರೇಡಿಯೋದವ್ರು ಬರೇ ಸುಳ್ಳ ಹೇಳ್ತಾರ,” ಎಂದು ಅಪ್ಪ ಸಾಯುವವರೆಗೂ ಬೈಯುತ್ತಿದ್ದರು. ನಾನು ಪಕ್ಕದಲ್ಲೇ ಕುಳಿತು ಕೇಳುತ್ತಿದ್ದೆ. ಅಕ್ಕನೂ ಈಗಿಲ್ಲ. ಅವಳಿಗೂ ನಾನು ಹೇಳಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಹುಡುಕುವ ವಯಸ್ಸು ನನಗೆ ದಾಟಿದೆ, ಮೊಮ್ಮಕ್ಕಳೇ.

ನಿಮಗೆ ಈಗ ಬೀಜ ರಾಣೆಬೆನ್ನೂರಿನಿಂದ ಬಣ್ಣದ ಪಾಕೀಟಿನಲ್ಲಿ ಬರುತ್ತದೆ. ನಿಮ್ಮ ಫೋನು ಕಡಲು, ಬೆಟ್ಟ, ಮರುಭೂಮಿ ಎಲ್ಲದರ ಹವೆ ತೋರಿಸುತ್ತದೆ. ನಮ್ಮೂರಿನ ಹೆಸರು ಹಿಡಿದು ಎಷ್ಟು ಗಂಟೆಗೆ ಮಳೆ ಎಂದೂ ಹೇಳುತ್ತದೆ. ಒಳ್ಳೆಯದೇ. ಆದರೆ ಅಂದು ರೇಡಿಯೋ ತಪ್ಪು ಹೇಳಿರಲಿಲ್ಲ. ಅಕ್ಕನೂ ತಪ್ಪು ಹೇಳಿರಲಿಲ್ಲ.

ಮೊನ್ನೆ ನಿಮ್ಮ ಅಜ್ಜಿ ಮಾಳಿಗೆಯ ಮೇಲೆ ಸಂಡಿಗೆ ಹಾಕುವಾಗ ನಿಮ್ಮಲ್ಲೊಬ್ಬ ಫೋನು ನೋಡಿ, “ಮಳಿ ಇಲ್ಲ ಬಿಡಜ್ಜಿ,” ಎಂದು ಬ್ಯಾಟು ಹಿಡಿದು ಓಡಿದ. ನಾನು ಅವನ ತೋಳು ಹಿಡಿದು ನಿಲ್ಲಿಸಿ, “ಪೂರ್ತಿ ಓದು,” ಎಂದು ಗದರಿಸಿದೆ. ಅಜ್ಜನಿಗೆ ಅರಳುಮರಳು ಎಂದು ನೀವೆಲ್ಲ ನಕ್ಕಿರಿ. ಅವನ ತೋಳಿನ ಮೇಲೆ ನನ್ನ ಬೆರಳು ಮೂಡುವಷ್ಟು ಬಿಗಿಯಾಗಿ ಯಾಕೆ ಹಿಡಿದಿದ್ದೆ ಎಂದು ಅಂದು ನೀವು ಕೇಳಿದಿರಲ್ಲ, ಇದಕ್ಕೇ.