ದಮ್ಮಿನ ಪುಡಿ

ನನ್ನ ಸೋದರಮಾವನ ಅಂಗೈ ಕೆಟ್ಟದ್ದು ಮಗ್ಗದಿಂದ ಎಂದು ವಡಗಾವಿಯ ಓಣಿಯವರು ಇವತ್ತಿಗೂ ಹೇಳುತ್ತಾರೆ. ಸುಳ್ಳು! ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆ ಓಣಿಯವರೆಲ್ಲ ನೇಯುವವರೇ. ಮಗ್ಗವೇ ಕಾರಣವಾದರೆ ಜೋಳದ ಕಾಳಿನಂಥ ಗಟ್ಟಿ ಗಂಟುಗಳು ಮಾವನೊಬ್ಬರ ಕೈಯಲ್ಲೇ ಏಕೆ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ವಾದವನ್ನು ನಾನು ಒಂದೇ ಏಟಿಗೆ ಕೆಡವುತ್ತಿದ್ದೆ. ಆದರೆ ಸಾಕ್ಷಿ ಬೇಕಲ್ಲ! ಒಂದು ಭಾನುವಾರ ಕಟ್ಟೆಯ ಮೇಲೆ ಕುಳಿತವರ ಅಂಗೈಗಳನ್ನೆಲ್ಲ ಬಿಡಿಸಿ ನೋಡುತ್ತ ಹೋದೆ.

"ಏನವಾ, ಕಾಲೇಜ ಬಿಟ್ಟ ಭವಿಷ್ಯ ಹೇಳಾಕ ನಿಂತೀಯೇನ? ನನಗ ಇನ್ನೊಂದ ಲಗ್ನ ಐತೇನ ನೋಡು," ಎಂದರು ಬಾಜೂ ಮನೆಯ ಕಾಕಾ.

"ಮೊದಲ ಕಾಕೂನ್ನ ಕೇಳ್ರಿ," ಎಂದೆ.

ಯಾರ ಕೈಯಲ್ಲೂ ಆ ಗಂಟುಗಳಿರಲಿಲ್ಲ. ಓಡಿಬಂದು ಮಾವನ ಅಂಗಾಲು ನೋಡಿದೆ, ಅಲ್ಲೂ ಇದ್ದವು. ಅಂಗಿ ಎತ್ತಿಸಿದೆ. ಕಪ್ಪಗಾದ ಬೆನ್ನಿನ ಮೇಲೆ, ಧೂಳಿನಲ್ಲಿ ಮಳೆಹನಿ ಬಿದ್ದಂತೆ, ಬಿಳಿ ಚುಕ್ಕೆಗಳು. ಬೆನ್ನಿನಿಂದ ಯಾರಾದರೂ ನೇಯುತ್ತಾರೆಯೇ? ನನಗೆ ಕುಣಿಯುವಷ್ಟು ಹುರುಪು. ಹಾಗಾದರೆ ಓಣಿಯಲ್ಲಿ ಉಳಿದವರಿಗಿಲ್ಲದ್ದು ಮಾವನಿಗೆ ಏನಿತ್ತು? ದಮ್ಮು, ಉಬ್ಬಸದ ರೋಗ. ಅದಕ್ಕೆಂದು ಖಾನಾಪುರದ ವೈದ್ಯರೊಬ್ಬರಿಂದ ತಂದು, ವರ್ಷಗಟ್ಟಲೆ ಜೇನಿನಲ್ಲಿ ನೆಕ್ಕಿದ ಪುಡಿ!

ನಮ್ಮೂರಿನ ಸದಾಶಿವನಗರದ ಚರ್ಮದ ಡಾಕ್ಟರರು ಪುಡಿಯನ್ನೂ ಮಾವನ ಉಗುರನ್ನೂ ಪರೀಕ್ಷೆಗೆ ಕಳಿಸಿದರು. ಎರಡರಲ್ಲೂ ಆರ್ಸೆನಿಕ್ ಸಿಕ್ಕಿತು.

"ಇವತ್ತ ನಿಲ್ಲಸ್ರಿ. ಈ ಗಂಟು ಮುಂದ ಕ್ಯಾನ್ಸರ್ ಆಗಬಹುದು, ತಪ್ಪದ ಬಂದು ತೋರಸ್ರಿ," ಎಂದವರೇ ದಮ್ಮಿಗೆ ಬಾಯಲ್ಲಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು.

ಗೆದ್ದೆ ಎಂದುಕೊಂಡೆ. ಮಾವ ಮಾತ್ರ ಜಗ್ಗಲಿಲ್ಲ.

"ಇಷ್ಟ ವರ್ಷ ನನ್ನ ಉಸಿರ ಆಡಿಸಿದ್ದು ಆ ಪುಡಿ ಅದವಾ, ನಿನ್ನ ಭಾಷಣ ಅಲ್ಲ. ಅದನ್ನ ಕೊಟ್ಟ ವೈದ್ಯರ ಬಾಯಿಲೆ ಬ್ಯಾಡ ಅನ್ನಿಸು, ಬಿಡತೀನಿ."

ಮರುದಿನವೇ ಅವರನ್ನು ಖಾನಾಪುರದ ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ನಾಲಿಗೆ ಮಸೆದೆ. ವೈದ್ಯರು ಅಲ್ಲಗಳೆಯಲಿ, ಅಲ್ಲೇ ಹಿಡಿಯುತ್ತೇನೆ! ಆದರೆ ಆ ಮುದುಕರು ಅಲ್ಲಗಳೆಯಲೇ ಇಲ್ಲ.

"ಸೋಮಲ ಹಾಕತೀನಿ, ಖರೇ, ನೀವು ಆರ್ಸೆನಿಕ್ ಅಂತೀರಲ್ಲ, ಅದನ್ನ. ಅದು ವಿಷಾನ. ಆದರ ಶುದ್ಧಿ ಮಾಡಿ ಹಾಕತೀನಿ. ಕಲತಾಕಿ ಅದೀ, ನೀನ ನೋಡು," ಎಂದು ಪುಡಿಯನ್ನು ತಮ್ಮ ಅಂಗೈಗೆ ಸುರುವಿಕೊಂಡು ನನ್ನ ಮುಂದೆ ಚಾಚಿದರು.

ಪುಡಿಯ ಸುತ್ತ, ಆ ಅಂಗೈಯ ತುಂಬ, ಅಂಥವೇ ಗಂಟುಗಳು. ಮಾವನೂ ಬಗ್ಗಿ ನೋಡಿದರು. ಮಸೆದಿಟ್ಟ ವಾದ ಬಿಟ್ಟು ಅವರ ಪಕ್ಕ ಕುಳಿತೆ.

"ಅಜ್ಜಾರ," ಎಂದೆ, "ನೀವು ಇದನ್ನ ಎಷ್ಟ ವರ್ಷದಿಂದ ತಗೊಳ್ಳಾಕತ್ತೀರಿ?"