ಕರಡಿಯ ಬಾಯಿಂದ ಕಂಡಷ್ಟು

ನಾನು ಕರಡಿಯಾಗಿದ್ದ ದಿನಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಮಾತೆತ್ತುವುದಿಲ್ಲ. ಎತ್ತಿದರೆ ಅಮ್ಮ ನಗಲು ಶುರು ಮಾಡುತ್ತಾಳೆ, ನಗು ನಿಂತ ಮೇಲೆ ಅಕ್ಕನ ಮುಖ ನೋಡಿ ಸುಮ್ಮನಾಗುತ್ತಾಳೆ. ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಬಿ.ಕಾಂ. ಎರಡನೇ ವರ್ಷದಲ್ಲಿ ಫೇಲಾಗಿ ಹೊಸ ತಿಪ್ಪಸಂದ್ರದ ಮನೆಯಲ್ಲಿ ಹಳೆ ಬೀರುವಿನ ಹಾಗೆ ಒಂದು ಮೂಲೆ ಹಿಡಿದಿದ್ದೆ. ಬೀರು ಊಟ ಕೇಳುವುದಿಲ್ಲವಲ್ಲ ಎಂದು ಅಮ್ಮ ವ್ಯತ್ಯಾಸ ತೋರಿಸುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಯುತ್ತಿದ್ದದ್ದು ಅಕ್ಕನ ಸಂಬಳದಲ್ಲಿ. ಅವಳು ಇಂದಿರಾನಗರದ ಒಂದು ಟಿವಿ, ಫ್ರಿಜ್ ಶೋರೂಮಿನಲ್ಲಿ ಸೇಲ್ಸ್ ಕೆಲಸಕ್ಕಿದ್ದಳು. ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ದಸರಾ ಆಫರಿಗೆ ಬಾಗಿಲಲ್ಲಿ ನಿಂತು ಮಕ್ಕಳಿಗೆ ಬಲೂನು ಕೊಡಲು ಒಂದು ಕರಡಿ ಬೇಕೆಂದು ಮಾಲೀಕರು ಹೇಳಿದಾಗ, ಅಕ್ಕ ಒಂದು ಕ್ಷಣವೂ ಯೋಚಿಸದೆ, "ನಮ್ಮನೇಲಿ ಒಂದಿದೆ ಸಾರ್" ಎಂದಳಂತೆ.

ಕರಡಿ ವೇಷವನ್ನು ಶಿವಾಜಿನಗರದಿಂದ ಬಾಡಿಗೆಗೆ ತಂದಿದ್ದರು. ಅದರ ವಾಸನೆ ನೋಡಿದರೆ ರಸೆಲ್ ಮಾರುಕಟ್ಟೆಯ ಮೀನಿನ ಸಾಲಿನಲ್ಲೇ ಹುಟ್ಟಿ ಬೆಳೆದ ಕರಡಿ ಅನಿಸುತ್ತಿತ್ತು. ತಲೆ ನನ್ನ ತಲೆಗಿಂತ ಮೂರು ಪಾಲು ದೊಡ್ಡದು. ಕಣ್ಣುಗಳು ಬರೀ ಬಣ್ಣದ ಪ್ಲಾಸ್ಟಿಕ್ಕು. ಒಳಗಿದ್ದವನು ಹೊರಗೆ ನೋಡಬೇಕಾದರೆ ಕರಡಿಯ ತೆರೆದ ಬಾಯಿಯಿಂದಲೇ ನೋಡಬೇಕು, ಅದಕ್ಕೂ ಕಪ್ಪು ಬಲೆ ಹೊಲಿದಿದ್ದರು. ಆ ಕಿಂಡಿಯಿಂದ ಎದುರಿನವರ ಎದೆಯಿಂದ ಮೊಣಕಾಲಿನವರೆಗೆ ಮಾತ್ರ ಕಾಣುತ್ತಿತ್ತು. ನಾನು ಯಾರ ಮುಖವನ್ನೂ ನೋಡದೆ ಇಡೀ ಇಂದಿರಾನಗರಕ್ಕೆ ಕೈ ಬೀಸಿದೆ. ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಹೊಟ್ಟೆಗೂ ಬಲೂನು ಕೊಟ್ಟೆನಂತೆ.

ಸಂಜೆ ಹೊತ್ತು ಫುಟ್‌ಪಾತಿನ ಮೇಲೆ ಸಣ್ಣ ಸ್ಟೇಜು ಹಾಕಿ ಲಕ್ಕಿ ಡ್ರಾ ನಡೆಸುತ್ತಿದ್ದರು. ಗಾಜಿನ ಡಬ್ಬಿಯಿಂದ ಚೀಟಿ ಎತ್ತುವುದು ಮ್ಯಾನೇಜರ್. ಅದು ಅವರೊಬ್ಬರದೇ ಹಕ್ಕು, ಬೇರೆಯವರು ಡಬ್ಬಿಗೆ ಕೈ ಹಾಕುವ ಹಾಗಿರಲಿಲ್ಲ. ಚೀಟಿಯಲ್ಲಿರುವ ಹೆಸರನ್ನು ಮೈಕಿನಲ್ಲಿ ಓದುವುದು ಅಕ್ಕ. ಅವಳ ದನಿ ಎರಡು ದೊಡ್ಡ ಪೆಟ್ಟಿಗೆಗಳಿಂದ ಹೊರಟು ರಸ್ತೆಯ ಆ ತುದಿಯ ಬೇಕರಿಯವರೆಗೂ ಹೋಗುತ್ತಿತ್ತು.

ಶನಿವಾರ ಜನ ತುಂಬಿದ್ದರು. ನಾನು ಸ್ಟೇಜಿನ ಹಿಂದೆ ನಿಂತು ಕರಡಿಯ ತಲೆಯೊಳಗೆ ಉಸಿರು ಹುಡುಕುತ್ತಿದ್ದೆ. ಮಿಕ್ಸಿ ಯಾರಿಗೆ ಎಂದು ಅಕ್ಕ ಹೇಳಬೇಕಾದ ಹೊತ್ತಿನಲ್ಲಿ ಪೆಟ್ಟಿಗೆಗಳಿಂದ ಬೇರೆಯೇ ಮಾತು ಬಂತು.

"ಸಾರ್, ನನ್ನ ಸೊಂಟದ ಮೇಲಿಂದ ಕೈ ತೆಗೀರಿ. ಮುಂಚೇನೂ ಹೇಳಿದ್ದೀನಿ. ಇವತ್ತು ಎಲ್ಲರ ಎದುರಿಗೆ ಹೇಳ್ತಿದ್ದೀನಿ."

ರಸ್ತೆ ಗಪ್‌ಚುಪ್ಪಾಯಿತು. ಒಂದು ಆಟೋ ಕೂಡ ಹಾರ್ನು ಮಾಡಲು ಹಿಂಜರಿಯಿತು ಎಂದರೆ ನೀವು ನಂಬಬೇಕಾಗಿಲ್ಲ.

ತಮ್ಮನಾದವನು ಇಂಥ ಸಮಯದಲ್ಲಿ ಏನು ಮಾಡಬೇಕೋ ಅದನ್ನು ನಾನು ಮಾಡಿದೆ, ಕರಡಿಯಾಗಿಯೇ. ಅಕ್ಕನ ಸೊಂಟದ ಮೇಲೆ ನಾನು ಕಂಡದ್ದು ಒಂದು ನೀಲಿ ತೋಳು. ನೀಲಿ ಷರ್ಟು ಕಂಡಿತು, ನುಗ್ಗಿ ಕಾಲರ್ ಹಿಡಿದೆ. ನನ್ನ ಪಂಜಾದಲ್ಲಿದ್ದವರು, "ಅಯ್ಯೋ ನಾನಲ್ಲ ಸಾಮಿ, ಕೆ.ಆರ್. ಪುರದಿಂದ ಮಿಕ್ಸಿ ತಗಳಕ್ ಬಂದೋನು" ಎಂದರು. ಬಿಟ್ಟು ತಿರುಗುವಷ್ಟರಲ್ಲಿ ಕರಡಿಯ ತಲೆ ಹಿಂದುಮುಂದಾಗಿ ನನಗೆ ಲೋಕವೇ ಕತ್ತಲಾಯಿತು. ಮೈಕಿನ ವೈರಿಗೆ ಕಾಲು ಸಿಕ್ಕಿ ಆಂಪ್ಲಿಫೈಯರ್ ಸಮೇತ ಬಿದ್ದೆ. ಇದೂ ಕಾರ್ಯಕ್ರಮದ ಭಾಗವೆಂದು ಮಕ್ಕಳು ಚಪ್ಪಾಳೆ ತಟ್ಟಿದವು.

ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು, "ಅಲ್ವೇ, ಮೈಕಲ್ಲೇ ಹೇಳ್ಬೇಕಿತ್ತಾ?"

"ಮೈಕಿಲ್ದೇನೂ ಹೇಳಿದ್ದೆ ಅಮ್ಮ. ಕೇಳಿಸ್ಲಿಲ್ಲ ಅವರಿಗೆ" ಎಂದಳು ಅಕ್ಕ.

ಬೆಳಗಾಗುವಷ್ಟರಲ್ಲಿ ಮಾತು ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಇಳಿದಿತ್ತು. ತರಕಾರಿ ಅಂಗಡಿಯಲ್ಲಿ ಮ್ಯಾನೇಜರ್ ದುಪಟ್ಟಾ ಎಳೆದಿದ್ದ. ಹಾಲಿನ ಬೂತಿಗೆ ಹೋಗುವಷ್ಟರಲ್ಲಿ ಗೋಡೌನಿನ ಬಾಗಿಲು ಹಾಕಿಕೊಂಡಿದ್ದ. ಇಸ್ತ್ರಿ ಅಂಗಡಿಯಲ್ಲಿ ಅವನ ಜೊತೆ ಇನ್ನೂ ಇಬ್ಬರು ಸೇರಿಕೊಂಡಿದ್ದರು. ನಾನೇನು ಕಡಿಮೆಯೇ? ಅವನ ಕಣ್ಣು ಕೆಂಡದ ಹಾಗಿತ್ತು ಎಂದು ಟೀ ಅಂಗಡಿಯಲ್ಲಿ ಗೆಳೆಯರಿಗೆ ವರ್ಣಿಸುತ್ತಿದ್ದೆ, ಆ ಕಣ್ಣನ್ನು ನಾನು ನೋಡಿಯೇ ಇಲ್ಲ ಎಂಬುದು ನನಗೂ ಮರೆತುಹೋಗಿತ್ತು.

ಜಿಮ್ಮಿಗೆ ಹೋಗುವ ಗೆಳೆಯನೊಬ್ಬ ಟೀ ಲೋಟ ಕೆಳಗಿಟ್ಟ. "ಮಗಾ, ಸಿ.ವಿ. ರಾಮನ್ ನಗರದಲ್ಲಿ ಮನೆ ಅವನ್ದು. ಅಡ್ರೆಸ್ ಸಿಕ್ಕಿದೆ. ಸಂಜೆ ಹೋಗಿ ಕೈ ಕಾಲು ಮುರ್ದು ಬರೋಣ."

"ಗುರು, ಒಂದು ಕೈ ನಂಗಿರ್ಲಿ" ಎಂದೆ ನಾನು. ಕಾಲೇಜಿನ ರನ್ನಿಂಗ್ ರೇಸಿನಲ್ಲಿ ಕೊನೆಗೆ ಬಂದವರಿಗೂ ಹಿಂದೆ ಬಂದವನು ನಾನು.

ಅಷ್ಟರಲ್ಲಿ ಅಕ್ಕ ಸೊಪ್ಪಿನ ಚೀಲ ಹಿಡಿದು ಅಲ್ಲಿಗೇ ಬಂದಳು. ಎಲ್ಲರೂ ಎದ್ದು ನಿಂತರು.

"ಎಲ್ಲಿಗ್ ಹೊರಟ್ರಿ?"

"ನಿಮ್ಮ ಕೆಲ್ಸಕ್ಕೇ ಅಕ್ಕಾ. ಅವನ್ನ ಬಿಡಲ್ಲ."

"ಅವರು ಏನ್ ಮಾಡಿದ್ದಾರೆ ಅಂತ ಹೊಡೆಯಕ್ಕೆ ಹೊರಟಿರೋದು? ಹೇಳಿ ನೋಡೋಣ."

ಒಬ್ಬ ಗೋಡೌನ್ ಅಂದ. ಇನ್ನೊಬ್ಬ ದುಪಟ್ಟಾ ಅಂದ. ಜಿಮ್ಮಿನವನು ಮೂರು ಜನ ಎಂದು ಹೇಳಲು ಹೋಗಿ ಅವಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದ. ಅಕ್ಕ ಚೀಲವನ್ನು ಬೆಂಚಿನ ಮೇಲಿಟ್ಟಳು.

"ಕೇಳಿ. ಸ್ಟೇಜ್ ಮೇಲೆ ಸೊಂಟದ ಮೇಲೆ ಕೈ ಇಟ್ರು. ತಳ್ಳಿದೆ, ಮತ್ತೆ ಇಟ್ರು. ಅದಕ್ಕೆ ಮುಂಚೆ ಒಂದ್ಸಲ ಕ್ಯಾಬಿನ್ನಲ್ಲಿ ಕೈ ಹಿಡ್ಕೊಂಡು, ಪಿಕ್ಚರಿಗೆ ಬಾ, ಪರ್ಮನೆಂಟ್ ವಿಷಯ ಆಮೇಲೆ ಮಾತಾಡೋಣ ಅಂದ್ರು. ಗೋಡೌನ್ ಇಲ್ಲ, ದುಪಟ್ಟಾ ಇಲ್ಲ, ಬೇರೆ ಯಾರೂ ಇಲ್ಲ."

"ಅಷ್ಟೇನಾ ಅಕ್ಕಾ?" ಜಿಮ್ಮಿನವನ ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು.

"ಅಷ್ಟೇ. ಅಷ್ಟು ಸಾಲ್ದಾ ನಿಂಗೆ?"

ಎದ್ದು ನಿಂತವರೆಲ್ಲ ಮತ್ತೆ ಕೂತರು. ಟೀ ಅಂಗಡಿಯವನು ಸಕ್ಕರೆ ಕಲಕುವುದನ್ನು ನಿಲ್ಲಿಸಿದ. ನಾನು ಬೆಂಚಿನ ಮೇಲಿದ್ದ ಸೊಪ್ಪಿನ ಚೀಲ ಎತ್ತಿಕೊಂಡೆ.

ಅವತ್ತು ಅವಳು ಮಾರ್ಕೆಟ್ ರಸ್ತೆಯ ಅಂಗಡಿ ಅಂಗಡಿಗೂ ಹೋಗಿ ಕಥೆ ತಿದ್ದಿದಳು. ನಾನು ಸೊಪ್ಪಿನ ಚೀಲ ಹೊತ್ತು ಹಿಂದೆ ಹಿಂದೆ ನಡೆದೆ. ಟೈಲರ್ ಆಂಟಿಗೆ ಬೇಜಾರೇ ಆಯಿತು. "ನಿನ್ ಪರವಾಗೇ ಅಲ್ವೇನೇ ನಾನ್ ಹೇಳ್ತಿರೋದು?"

"ನನ್ ಪರ ಹೇಳೋದಾದ್ರೆ ನಾನ್ ಹೇಳಿದಷ್ಟೇ ಹೇಳಿ ಆಂಟಿ. ಮಿಕ್ಕಿದ್ದೆಲ್ಲಾ ಅವರ ಪರ ಆಗುತ್ತೆ."

ಅವಳ ಮಾತು ಎರಡೇ ದಿನದಲ್ಲಿ ನಿಜವಾಯಿತು. ಮ್ಯಾನೇಜರ್ ಮಾಲೀಕರ ಬಳಿ, "ಗೋಡೌನಿಗೆ ಎಳ್ಕೊಂಡು ಹೋದೆ ಅಂತ ಊರೆಲ್ಲಾ ಹೇಳ್ತಿದ್ದಾರೆ. ನಮ್ಮ ಅಂಗಡಿಗೆ ಗೋಡೌನೇ ಇಲ್ವಲ್ಲಾ ಸಾರ್. ಇದೊಂದು ಸುಳ್ಳಾದ್ರೆ ಎಲ್ಲಾನೂ ಸುಳ್ಳೇ" ಎಂದಿದ್ದರು. ಮಾಲೀಕರಿಗೆ ಅದು ಸರಿ ಕಂಡಿತ್ತು. ಅಕ್ಕನ ಮಾತು ನಿಜವೆಂದು ಸಾಬೀತಾಗದಿದ್ದರೆ ಕೆಲಸ ಹೋಗುತ್ತಿತ್ತು, ಮಾನಸ್ಥರ ಮೇಲೆ ಸುಳ್ಳು ಹೇಳಿದವಳು ಎಂಬ ಹೆಸರು ಜೊತೆಗೆ ಬರುತ್ತಿತ್ತು. ಆ ಹೆಸರು ಹೊತ್ತವಳಿಗೆ ಆ ರಸ್ತೆಯ ಬೇರೆ ಯಾವ ಅಂಗಡಿಯೂ ಕೆಲಸ ಕೊಡುತ್ತಿರಲಿಲ್ಲ.

ಇಂಥ ದೂರು ಬಂದರೆ ಸಮಿತಿ ಮಾಡಿ ಇಬ್ಬರನ್ನೂ ಕೇಳಬೇಕು ಎಂದು ಸುಪ್ರೀಂ ಕೋರ್ಟೇ ಹೇಳಿದೆ ಎಂದು ಯಾರೋ ಮಾಲೀಕರ ಕಿವಿಗೆ ಹಾಕಿದರು. ಹಲಸೂರಿನ ಒಬ್ಬ ವಕೀಲೆ, ಮಾಲೀಕರ ಸೊಸೆ, ಅಂಗಡಿಯ ಹಿರಿಯ ಅಕೌಂಟೆಂಟ್ ಸಮಿತಿಯಲ್ಲಿ ಕೂತರು. ನೋಡಿದವರು ಯಾರಾದರೂ ಇದ್ದಾರಾ ಎಂದು ವಕೀಲೆ ಕೇಳಿದಾಗ ಅಕ್ಕ ಹೇಳಿದಳು, "ಕರಡಿ ಇದೆ ಮೇಡಂ."

ಮನೆಯಲ್ಲಿ ನನಗೆ ಟ್ರೇನಿಂಗ್ ಶುರುವಾಯಿತು.

"ಏನ್ ನೋಡ್ದೆ?"

"ಆ ರಾಕ್ಷಸ ಹಲ್ಲು ಕಡಕೊಂಡು..."

"ಹಲ್ಲು ಕಾಣ್ತಾ ನಿಂಗೆ?"

"ಇಲ್ಲ."

"ಮತ್ತೆ ಮೊದ್ಲಿಂದ ಹೇಳು. ಕಂಡಿದ್ದು ಮಾತ್ರ."

ಒಂದೊಂದೇ ವಿಶೇಷಣ ಉದುರುತ್ತಾ ಹೋಯಿತು. ರಾಕ್ಷಸ ಹೋದ, ಕೆಂಡ ಹೋಯಿತು, ಬಿರುಗಾಳಿಯ ಹಾಗೆ ನುಗ್ಗಿದ ನಾನೂ ಹೋದೆ. ಕೊನೆಗೆ ಉಳಿದ ಸಾಕ್ಷಿ ಎರಡು ವಾಕ್ಯ. ನನಗೆ ಬಟ್ಟೆ ಬಿಚ್ಚಿ ನಿಲ್ಲಿಸಿದ ಹಾಗಾಯಿತು. "ಮುಖ ನೋಡ್ದೆ ಅಂತ ಒಂದೇ ಒಂದು ಸೇರಿಸ್ಲಾ ಅಕ್ಕ? ಕೇಸ್ ಗಟ್ಟಿಯಾಗುತ್ತೆ" ಎಂದು ಬೇಡಿಕೊಂಡೆ. ಅವಳು ಅನ್ನ ಬಡಿಸುತ್ತಿದ್ದ ಸೌಟನ್ನು ಎತ್ತಿದಳು. ಅಲ್ಲಿಗೆ ಆ ಪ್ರಸ್ತಾಪ ಮುಗಿಯಿತು.

ವಿಚಾರಣೆ ನಡೆದದ್ದು ಶೋರೂಮಿನ ಮಹಡಿಯಲ್ಲಿ, ವಾಷಿಂಗ್ ಮೆಷಿನ್ನಿನ ಖಾಲಿ ಪೆಟ್ಟಿಗೆಗಳ ನಡುವೆ. ಮ್ಯಾನೇಜರಿಗೂ ಪ್ರಶ್ನೆ ಕೇಳುವ ಅವಕಾಶ ಕೊಡಬೇಕೆಂದು ವಕೀಲೆ ಮೊದಲೇ ಹೇಳಿದ್ದರು. ಅಕ್ಕ ತನ್ನದನ್ನು ಹೇಳಿದಳು, ಟೀ ಅಂಗಡಿಯಲ್ಲಿ ಹೇಳಿದಷ್ಟೇ. ಗೋಡೌನಿನ ಮಾತು ಬಂದಾಗ, "ಅದು ಜನ ಸೇರಿಸಿದ್ದು, ಸುಳ್ಳು. ಕೆಲಸ ಕಲಿಸಿದ್ದು ಇವರೇ, ಚೆನ್ನಾಗೇ ಕಲಿಸಿದ್ದಾರೆ, ಅದೂ ಬರ್ಕೊಳಿ" ಎಂದಳು. ಮ್ಯಾನೇಜರ್ ತಲೆ ಎತ್ತಿ ಅವಳನ್ನು ನೋಡಿದರು. ಅವರು ಸಿದ್ಧ ಮಾಡಿಕೊಂಡು ಬಂದಿದ್ದ ಉತ್ತರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಮಾತಿಗೆ ಕೆಲಸಕ್ಕೆ ಬಾರದೆ ಹೋದವು.

ಆಮೇಲೆ ನನ್ನ ಸರದಿ. ಮ್ಯಾನೇಜರೇ ಕೇಳಿದರು, "ನೀನು ನನ್ನ ಮುಖ ನೋಡಿದ್ಯೇನಪ್ಪ?"

ನಾಲಿಗೆಯ ತುದಿಗೆ 'ಹೌದು' ಬಂದು ನಿಂತಿತ್ತು. ಅಕ್ಕ ನನ್ನನ್ನು ನೋಡಲೇ ಇಲ್ಲ, ಗೋಡೆ ನೋಡುತ್ತಿದ್ದಳು.

"ಇಲ್ಲ ಸಾರ್. ಕರಡಿ ಬಾಯಿಂದ ಮುಖ ಕಾಣಲ್ಲ."

"ಮತ್ತೆ ನಾನೇ ಅಂತ ಹೆಂಗ್ ಹೇಳ್ತೀಯ?"

"ನೀವೇ ಅಂತ ನಾನ್ ಹೇಳ್ತಿಲ್ಲ ಸಾರ್. ಒಂದು ನೀಲಿ ತೋಳು ಅಕ್ಕನ ಸೊಂಟದ ಮೇಲಿತ್ತು. ಅಕ್ಕ ತಳ್ಳಿದ್ಲು, ಅದು ಮತ್ತೆ ಬಂತು. ಅಷ್ಟೇ ನಾನ್ ನೋಡಿದ್ದು. ನೀಲಿ ಷರ್ಟಿನ ಇನ್ನೊಬ್ರನ್ನೂ ನಾನು ಹಿಡ್ಕೊಂಡೆ, ಅವರು ಸ್ಟೇಜ್ ಮೇಲೇ ಇರ್ಲಿಲ್ಲ, ಪಾಪ ಮಿಕ್ಸಿ ತಗೊಳಕ್ಕೆ ಬಂದಿದ್ರು."

ಮಾಲೀಕರ ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮ್ಯಾನೇಜರ್ ಕುರ್ಚಿಗೆ ಒರಗಿ ಕೂತರು. ನನ್ನ ಪ್ರಾಮಾಣಿಕತೆ ಅಕ್ಕನನ್ನು ಮುಳುಗಿಸಿತು ಅಂದುಕೊಂಡೆ.

ವಕೀಲೆ ಮಾತ್ರ ನಗಲಿಲ್ಲ. "ಒಂದು ಕೈ ಸೊಂಟದ ಮೇಲಿತ್ತು ಅಂದೆ. ಇನ್ನೊಂದ್ ಕೈ ಕಾಣ್ತಿತ್ತಾ?"

"ಕಾಣ್ತಿತ್ತು ಮೇಡಂ."

"ಅದು ಏನ್ ಮಾಡ್ತಿತ್ತು?"

"ಏನೂ ಮಾಡ್ತಿರ್ಲಿಲ್ಲ. ಡಬ್ಬಿಯಿಂದ ಎತ್ತಿದ್ದ ಚೀಟಿ ಹಿಡ್ಕೊಂಡಿತ್ತು."

ನಾನು ಏನು ಹೇಳಿದೆ ಎಂದು ನನಗೇ ಗೊತ್ತಾದದ್ದು ಅಕೌಂಟೆಂಟ್ ಕನ್ನಡಕ ತೆಗೆದು ಮ್ಯಾನೇಜರ್ ಕಡೆ ತಿರುಗಿದಾಗ. ಮ್ಯಾನೇಜರ್ ಬೇರೆ ಪ್ರಶ್ನೆ ಕೇಳಲಿಲ್ಲ. ಕಂಪ್ಯೂಟರ್ ಬಿಲ್ಲಿಂಗಿನ ಹುಡುಗಿ, ಅಲ್ಲಿಯವರೆಗೂ ಬಾಗಿಲ ಹೊರಗೆ ಕೂತವಳು, ಒಳಗೆ ಬಂದು ತನಗೂ ಹೇಳುವುದಿದೆ ಎಂದಳು.

ಮುಂದಿನ ವಾರ ಮಾಲೀಕರು ಸಿಬ್ಬಂದಿಯನ್ನೆಲ್ಲ ಕರೆದು ಸಮಿತಿಯ ತೀರ್ಮಾನ ಓದಿದರು. ಯಾವುದು ನಡೆದದ್ದು ಎಂದೂ ಓದಿದರು, ಯಾವುದು ನಡೆದಿಲ್ಲ ಎಂದೂ ಓದಿದರು. ಎರಡನ್ನೂ ಓದಲೇಬೇಕೆಂದು ಹಟ ಹಿಡಿದದ್ದು ಅಕ್ಕ. ಮ್ಯಾನೇಜರ್ ಕೆಲಸ ಬಿಟ್ಟು ಹೋದರು. ಅಕ್ಕ ಪರ್ಮನೆಂಟ್ ಆದಳು. ನಾನು ಆಂಪ್ಲಿಫೈಯರ್ ಮುರಿದದ್ದಕ್ಕೆ ಕರಡಿ ಕೆಲಸದಿಂದ ವಜಾ ಆದೆ. ನನ್ನ ಮೇಲಿನ ಆರೋಪವನ್ನು ವಿಚಾರಣೆ ಇಲ್ಲದೆ ಒಪ್ಪಿಕೊಂಡರು.

ಒಂದು ಭಾನುವಾರ ಮಧ್ಯಾಹ್ನ ನಮ್ಮ ಬಾಗಿಲಿಗೆ ಒಬ್ಬ ಹೆಂಗಸು ಬಂದು ನಿಂತರು. ಅಚ್ಚುಕಟ್ಟಾಗಿ ಸೀರೆ ಉಟ್ಟಿದ್ದರು, ಮುಖ ಬಾಡಿತ್ತು. ಮ್ಯಾನೇಜರ್ ಹೆಂಡತಿ ಎಂದು ಹೇಳಿಕೊಂಡರು. ಅಮ್ಮನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಬೈಯಲು ಬಂದಿದ್ದಾರೆ ಎಂದು ನಾನು ಅಕ್ಕನ ಮುಂದೆ ಅಡ್ಡ ನಿಂತೆ. ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಚಾಪೆ ಹಾಕಿದಳು.

"ಜನ ಏನೇನೋ ಹೇಳ್ತಾರಮ್ಮ. ಮನೇಲಿ ಕೇಳಿದ್ರೆ ಏನೂ ಮಾಡಿಲ್ಲ ಅಂತಾರೆ. ನೀನೇ ಹೇಳು, ಏನ್ ನಡೀತು?"

ಅಕ್ಕ ಅವರ ಎದುರಿಗೆ ಕೂತು ಹೇಳಿದಳು. ಕ್ಯಾಬಿನ್ನಿನದು, ಸ್ಟೇಜಿನದು. ಆಮೇಲೆ, "ಗೋಡೌನ್ ಅದೂ ಇದೂ ಅಂತ ಕೇಳಿರ್ತೀರ. ಅದ್ಯಾವುದೂ ಆಗಿಲ್ಲ ಅಕ್ಕಾ. ಅದನ್ನ ತಲೇಲಿ ಇಟ್ಕೋಬೇಡಿ" ಎಂದಳು.

ಅವರು ಕಣ್ಣೊರೆಸಿಕೊಂಡು ಹೇಳಿದರು, "ನೀನು ಅದೂ ಮಾಡಿದ್ರು, ಇದೂ ಮಾಡಿದ್ರು ಅಂದಿದ್ರೆ ನಾನು ಎದ್ದು ಹೋಗಿ ಅವರ ಕಡೆ ನಿಂತ್ಬಿಡ್ತಿದ್ದೆ. ಈಗ ಹೋಗಿ ಮಾತಾಡ್ತೀನಿ."

ಅಮ್ಮ ಕಾಫಿ ತಂದಳು. ಕುಡಿದು ಎದ್ದಾಗ ಅಕ್ಕ ಬಸ್‌ಸ್ಟಾಪಿನವರೆಗೂ ಬರುತ್ತೇನೆ ಎಂದಳು. ಆ ಇಬ್ಬರೂ ಮಾರ್ಕೆಟ್ ರಸ್ತೆಯಲ್ಲಿ ಅಕ್ಕಪಕ್ಕ ನಡೆದುಹೋಗುವಾಗ ಟೈಲರ್ ಆಂಟಿ ಮೆಷಿನ್ ತುಳಿಯುವುದನ್ನು ಬಿಟ್ಟು ನೋಡಿದರು. "ಯಾರೋ ಅದು ನಿಮ್ಮಕ್ಕನ್ ಜೊತೆ?" ಎಂದು, ಹಿಂದೆ ಬರುತ್ತಿದ್ದ ನನ್ನನ್ನು ತಡೆದು ಕೇಳಿದರು.

"ನಮ್ಮ ಮನೆಗೆ ಬಂದೋರು ಆಂಟಿ" ಎಂದಷ್ಟೇ ಹೇಳಿ ಮುಂದೆ ಹೋದೆ.