ಒಂಬತ್ತನೆಯ ನೂರು ರೊಟ್ಟಿ

ಮೂವತ್ತೊಂದು ವರ್ಷ ಸಂಶಿಯ ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಬೋಧಿಸಿ ಈ ಬೇಸಿಗೆಯಲ್ಲಿ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕ ಕುಬೇರಪ್ಪ ಶಿರೂರ ಅವರನ್ನು ವಿದ್ವತ್ ವಲಯವು ಸಣ್ಣ ಉತ್ಪಾದಕರ ಕುರಿತ ಲೇಖನಗಳಿಂದ ಬಲ್ಲದು. ಕುಂದಗೋಳ ತಾಲೂಕಿನ ಮೆಣಸಿನಪುಡಿ ಗಿರಣಿ, ಚುರಮುರಿ ಭಟ್ಟಿ, ಎಣ್ಣೆಗಾಣಗಳ ಬಾಗಿಲಲ್ಲಿ ನಿಂತು ಅವರು ಕಂಡದ್ದೆಲ್ಲ ಆ ಲೇಖನಗಳಲ್ಲಿದೆ. ನಾನು ವಿದ್ವಾಂಸಳಲ್ಲ, ರೊಟ್ಟಿ ಮಾರುವವಳು. ಆದರೂ ಈ ಅಭಿನಂದನ ಗ್ರಂಥದ ಸಂಪಾದಕರು ನನ್ನಿಂದ ನಾಲ್ಕು ಮಾತು ಬಯಸಿದ್ದಾರೆ. ಗುರುಗಳಿಗೆ ಸಲ್ಲಬೇಕಾದ ಗೌರವದಲ್ಲಿ ನನ್ನ ಪಾಲೂ ಇದೆಯೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಹನ್ನೆರಡು ವರ್ಷಗಳ ಹಿಂದೆ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನನ್ನ ತಾಯಿ ಸಾವಂತ್ರೆವ್ವ ಬಾಡಿಗೆಯ ಶೆಡ್ಡಿನಲ್ಲಿ ಕೂಲಿಗೆ ಬರುವ ಐವರು ಹೆಣ್ಣುಮಕ್ಕಳೊಡನೆ ದಿನಕ್ಕೆ ಎಂಟು ನೂರು ಖಡಕ್ ರೊಟ್ಟಿ ಮಾಡಿ ಹುಬ್ಬಳ್ಳಿಗೆ ಕಳಿಸುತ್ತಿದ್ದಳು. ನಮ್ಮಂಥವರು ಸುತ್ತಲಿನ ಊರುಗಳಲ್ಲಿ ಹತ್ತಾರು ಮಂದಿ ಇದ್ದರು. ರೊಟ್ಟಿಗೆ ನಾಲ್ಕು ರೂಪಾಯಿ ಎಂಬುದು ಪೇಟೆಯ ದರ. ಹೆಚ್ಚು ಕೇಳಿದರೆ ಅಂಗಡಿಯವರು ಬೇರೆಯವರ ರೊಟ್ಟಿ ಕೊಳ್ಳುತ್ತಿದ್ದರು, ಕಡಿಮೆಗೆ ಕೊಡುವ ಅಗತ್ಯ ನಮಗಿರಲಿಲ್ಲ. ದರ ನಮ್ಮ ಕೈಯಲ್ಲಿಲ್ಲ, ಎಷ್ಟು ಮಾಡಬೇಕೆಂಬುದೊಂದೇ ನಮ್ಮ ಕೈಯಲ್ಲಿತ್ತು. ಅವ್ವ ಗೌಸಬಿ ಎಂಬಾಕೆಯನ್ನು ಮಧ್ಯಾಹ್ನದ ಮೇಲೆ ಕೆಲಸಕ್ಕೆ ಕರೆದು ಸಾವಿರ ರೊಟ್ಟಿಗೆ ಏರಿದಳು. ತಿಂಗಳ ಕೊನೆಗೆ ಉಳಿದದ್ದು ಮೊದಲಿಗಿಂತ ಕಡಿಮೆ. ಇನ್ನೂ ಹೆಚ್ಚು ಮಾಡಿದರೆ ಸರಿಹೋದೀತೆಂದು ಆಕೆ ಹನ್ನೆರಡು ನೂರರ ಲೆಕ್ಕ ಹಾಕಿ, ಕೈನೆರವಿಗೆಂದು ನನ್ನನ್ನು ಕಾಲೇಜು ಬಿಡಿಸಿದಳು. ನಾನು ಎದುರಾಡಲಿಲ್ಲ. ಪುಸ್ತಕಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಬಂದ ಆ ಬೆಳಗು ಎಷ್ಟು ಹಿಟ್ಟು ನಾದಿದೆನೋ ನೆನಪಿಲ್ಲ, ಅತ್ತದ್ದು ನೆನಪಿದೆ.

ಹತ್ತು ದಿನ ನಾನು ತರಗತಿಗೆ ಬಾರದಿರಲು ಗುರುಗಳು ಶೆಡ್ಡಿಗೇ ಬಂದರು. ನನ್ನನ್ನು ಬಿಡಿಸಿದ್ದೇಕೆಂದು ಅವ್ವನನ್ನು ಗದರಿಸಲಿಲ್ಲ. ಎಲ್ಲ ಕೇಳಿಸಿಕೊಂಡು, "ನಾಕ ದಿವಸ ಇಲ್ಲೇ ಮೂಲ್ಯಾಗ ಕುಂಡರ್ತೀನ್ರಿ, ಅಡ್ಡಿ ಇಲ್ಲಲ್ಲ?" ಎಂದರು. ರಜೆ ಹಾಕಿ ಬೆಳಗಿನಿಂದ ಸಂಜೆಯವರೆಗೆ ಒಲೆಯ ಹೊಗೆಯಲ್ಲಿ ಕುಳಿತು, ಪ್ರತಿ ನೂರು ರೊಟ್ಟಿಗೆ ಹೆಚ್ಚಿಗೆ ಬಿದ್ದ ಹಿಟ್ಟು, ಕಟ್ಟಿಗೆ, ಕೂಲಿ, ಸಾಗಣೆಯನ್ನು ಬೇರೆ ಬೇರೆ ಬರೆದುಕೊಂಡರು. ಮೊದಲ ನೂರುಗಳಿಗೆ ಇನ್ನೂರ ಎಂಬತ್ತು ರೂಪಾಯಿಯಂತೆ ಬಿದ್ದ ಖರ್ಚು ಏರುತ್ತ ಹೋಗಿ ಎಂಟನೆಯ ನೂರಕ್ಕೆ ಮುನ್ನೂರ ತೊಂಬತ್ತಾಗಿತ್ತು. ಒಂಬತ್ತನೆಯ ನೂರಕ್ಕೆ ನಾನೂರ ನಲವತ್ತು, ಹತ್ತನೆಯದಕ್ಕೆ ನಾನೂರ ತೊಂಬತ್ತು. ಬರುವುದು ಮಾತ್ರ ಪ್ರತಿ ನೂರಕ್ಕೂ ನಾನೂರೇ.

"ಶೆಡ್ಡಿನ ಬಾಡಿಗಿ ಹಿಡೀಲೇ ಇಲ್ಲಲ್ರಿ ಸರ?" ಎಂದಳು ಅವ್ವ.

"ಒಂದ ರೊಟ್ಟಿ ಮಾಡಿದ್ರೂ ಬಾಡಿಗಿ ಅಷ್ಟ, ಸಾವಿರ ಮಾಡಿದ್ರೂ ಅಷ್ಟ ಅಲ್ರಿ ಸಾವಂತ್ರೆವ್ವಾರ. ಮುಂದಿನ ನೂರು ಮಾಡಬೇಕೋ ಬ್ಯಾಡೋ ಅನ್ನೂದನ್ನ ಬಾಡಿಗಿ ಹೇಳಂಗಿಲ್ಲ. ಆ ನೂರಕ್ಕ ಏನ್ ಹೋಗ್ತದ, ಏನ್ ಬರ್ತದ, ಅದನ್ನಷ್ಟ ನೋಡ್ರಿ. ಎಂಟು ನೂರಕ್ಕ ನಿಲ್ಲಸ್ರಿ."

ಸೀಮಾಂತ ವೆಚ್ಚವೆಂದು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದು ಇದನ್ನೇ ಎಂದು ತಿಳಿದದ್ದು ಆಗ. ಆದರೆ ಅವ್ವ ಒಪ್ಪಲಿಲ್ಲ. ಕೊನೆಯ ಇನ್ನೂರು ರೊಟ್ಟಿ ಬಿಟ್ಟರೆ ಗೌಸಬಿಯನ್ನೂ ಬಿಡಬೇಕಾಗಿತ್ತು.

ಗೌಸಬಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, "ನನ್ನ ಸಲುವಾಗಿ ಲುಕ್ಸಾನ ಮಾಡ್ಕೋಬ್ಯಾಡ ಅಕ್ಕಾ, ನಾ ಬ್ಯಾರೆ ಕಡೆ ನೋಡ್ತೀನಿ" ಎಂದಳು.

"ಸುಮ್ನಿರ ಬೇ ನೀ. ಸರ, ಲೆಕ್ಕ ಖರೇ ಇರಬೌದ್ರಿ. ಆದ್ರ ಈಕಿನ್ನ ಕಳಸಾಕ ನನ್ನ ಕೈಲೆ ಆಗಂಗಿಲ್ಲ."

ಗುರುಗಳು ಲೆಕ್ಕದ ಹಾಳೆ ಮಡಚಿಕೊಂಡು ಎದ್ದುಹೋದರು. ಅಸಮಾಧಾನವಾಯಿತೆಂದೇ ನಾವು ಭಾವಿಸಿದ್ದೆವು. ಮರುದಿನ ಮತ್ತೆ ಬಂದು, ಈ ಸಲ ಲೆಕ್ಕ ಬರೆಯದೆ, ಗೌಸಬಿಯ ಕೈಗಳನ್ನಷ್ಟೇ ನೋಡುತ್ತ ಕುಳಿತರು. ಸಂಜೆಯ ಹೊತ್ತಿಗೆ ಅವರ ಮುಖ ಅರಳಿತ್ತು. "ಈ ತಂಗಿ ಬಡದು ಇಟ್ಟ ರೊಟ್ಟಿ ಹಂಚಿನ ಹಾದಿ ಕಾಯಾಕ ಹತ್ಯಾವ್ರಿ! ಕೈ ಹೆಚ್ಚಾಗ್ಯಾವ, ಹಂಚು ಮೂರ ಅದಾವ. ಕಾದು ಕಾದು ಒಡೀತಾವ, ಹುಬ್ಬಳ್ಳಿ ಬಸ್ ತಪ್ಪಿ ಟೆಂಪೋ ಹಿಡೀಬೇಕಾಗ್ತದ. ಖರ್ಚು ಏರೂದು ಇದಕ್ಕ."

ಆ ಭಾನುವಾರ ಅವರು ಮಿಶ್ರಿಕೋಟಿಯ ತಮ್ಮ ಮನೆಯಿಂದ ಎರಡು ದೊಡ್ಡ ಕಬ್ಬಿಣದ ಹಂಚುಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಎರಡು ಬಸ್ಸು ಬದಲಿಸಿ ತಂದರು. ಬಿಳಿಯ ಅಂಗಿಯ ತುಂಬ ಮಸಿ. ಅವ್ವ ಎರಡು ಒಲೆ ಹೂಡಿದಳು, ಗೌಸಬಿ ಬೆಳಗಿನಿಂದಲೇ ಬರತೊಡಗಿದಳು. ಸಾವಿರ ರೊಟ್ಟಿ ಮೂರು ಗಂಟೆಯ ಬಸ್ಸಿಗೆ ಸಿದ್ಧವಾಗುತ್ತಿದ್ದವು. ಒಂಬತ್ತನೆಯ ನೂರರ ಖರ್ಚು ಮುನ್ನೂರ ನಲವತ್ತಕ್ಕೆ, ಹತ್ತನೆಯದು ಮುನ್ನೂರ ಅರವತ್ತಕ್ಕೆ ಇಳಿಯಿತು. ಹನ್ನೊಂದನೆಯದಕ್ಕೆ ಮಾತ್ರ ನಾನೂರ ಹತ್ತು ಬಿದ್ದದ್ದರಿಂದ ಸಾವಿರಕ್ಕೇ ನಿಂತೆವು. ಹನ್ನೆರಡು ನೂರರ ಆಸೆಯನ್ನು ಅವ್ವ ತಾನಾಗಿಯೇ ಬಿಟ್ಟು, "ನಾಳಿಂದ ಕಾಲೇಜಿಗೆ ಹೋಗವಾ" ಎಂದಳು.

ನಾನು ಮರಳಿದ ದಿನ ಗುರುಗಳು ತರಗತಿಯಲ್ಲಿ ನಮ್ಮ ಹೆಸರು ಹೇಳದೆ ಇದನ್ನೆಲ್ಲ ವಿವರಿಸಿದರು. ಕೊನೆಗೆ, "ಎಂಟು ನೂರಕ್ಕ ನಿಲ್ಲಸ್ರಿ ಅಂತ ನಾ ಹೇಳಿದ್ದು ಲೆಕ್ಕದ ಪ್ರಕಾರ ತಪ್ಪಲ್ಲ. ಆದ್ರ ಖರ್ಚು ಯಾಕ ಏರ್ತದ ಅಂತ ನಾ ಕೇಳೇ ಇರಲಿಲ್ಲ. ಕೇಳೂಹಂಗ ಮಾಡಿದಾಕಿ ಸಾಲಿ ಕಲೀಲಾರದ ಒಬ್ಬ ತಾಯಿ" ಎಂದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಅಂಥ ಹೆಮ್ಮೆಯನ್ನು ಅಷ್ಟು ಜನರ ನಡುವೆ ಹೇಗೆ ಅಡಗಿಸಿಡಬೇಕೆಂದು ತಿಳಿದಿರಲಿಲ್ಲ.

ಮುಂದೆ ನಾನು ಎಂ.ಎ. ಮುಗಿಸಿ ಶೆಡ್ಡಿಗೇ ಮರಳಿದೆ. ಈಗ ಹದಿನಾಲ್ಕು ಮಂದಿ ಇದ್ದೇವೆ, ಬೆಳಗಿನ ಪಾಳಿಯ ಮೇಲ್ವಿಚಾರಣೆ ಗೌಸಬಿಯದು. ದರ ಇಳಿದ ವರ್ಷ ಕಡಿಮೆ ಮಾಡಿದ್ದೇವೆ, ಏರಿದ ವರ್ಷ ಹೆಚ್ಚು ಮಾಡಿದ್ದೇವೆ, ದುಡುಕಿ ಕೆಟ್ಟದ್ದಿಲ್ಲ.

ಕಳೆದ ತಿಂಗಳು ಗುರುಗಳು ಮನೆಗೆ ಬಂದಿದ್ದಾಗ ಅವ್ವ, "ಇನ್ನ ಆರಾಮ ಕುಂಡರ್ರಿ ಸರ" ಎಂದಳು. ಮಿಶ್ರಿಕೋಟಿಯ ಹೆಣ್ಣುಮಕ್ಕಳ ಸಂಘವೊಂದು ಅವಲಕ್ಕಿ ಮಾಡತೊಡಗಿದೆಯಂತೆ, ಎಷ್ಟು ಮಾಡಬೇಕೆಂಬ ಗೊಂದಲ ಅವರಿಗೂ ಇದೆಯಂತೆ. "ಸೋಮವಾರದಿಂದ ಅಲ್ಲೇ ಕುಂಡರ್ತೀನ್ರಿ" ಎಂದು ನಕ್ಕರು. ಪೂಜ್ಯರಿಗೆ ದೀರ್ಘಾಯುಷ್ಯವೂ ಆರೋಗ್ಯವೂ ಇರಲಿ. ಅವಲಕ್ಕಿ ಕುಟ್ಟುವ ಆ ತಾಯಂದಿರು ಅವರೊಡನೆ ಧಾರಾಳವಾಗಿ ವಾದ ಮಾಡಲಿ.